ಅಕ್ಷರಕ್ಕೆ ನಲವತ್ತು, ಒತ್ತಿಗೆ ಇಪ್ಪತ್ತು

ಮೊದಲ ಬೋಟು ಕೆಟ್ಟದ್ದು ನನ್ನ ಕೈಯಿಂದಲೇ.
ಬೈತಖೋಲದ ಧಕ್ಕೆ, ಜುಲೈ ಕೊನೆ,
ಮೀನುಗಾರಿಕೆಯ ಬಂದಿ ಮುಗಿಯಲು ಆರು ದಿನ.
ತಾಡಪತ್ರಿಯ ಕೆಳಗೆ ಮೊಣಕಾಲೂರಿ
‘ಮತ್ಸ್ಯಗಂಧಿ’ ಎಂದು ಬರೆದೆ.
ಮೂತಿಯ ತಿರುವಿನಲ್ಲಿ ಜಾಗ ಸಾಲದೆ
ತಕಾರಕ್ಕೆ ಸಕಾರ, ಸಕಾರಕ್ಕೆ ಯಕಾರ
ಒಂದರ ಕಾಲಿಗೊಂದು ಜೋತುಬಿದ್ದು
ನೀರಿನ ಗೆರೆ ದಾಟಿ ಇಳಿದವು.
ಖಾಲಿ ಬೋಟು ಸರಿಯಾಗಿಯೇ ಓದಿಸಿಕೊಂಡಿತು.
ಬಂಗುಡೆ ತುಂಬಿ ತಿರುಗಿ ಬಂದ ದಿನ
ಒತ್ತೆರಡೂ ಮುಳುಗಿ
ಧಕ್ಕೆಗೆ ತಾಗಿದ್ದು ‘ಮತಗಂಧಿ’.
ಯಾವ ಪಕ್ಷದಿಂದ ನಿಲ್ಲುತ್ತಾಳೆ ಎಂದು
ಬಲೆ ಹೆಣೆಯುವವರೆಲ್ಲ ಕೇಳಿದರು.

ಅದನ್ನು ಎಲ್ಲರಿಗಿಂತ ಮೊದಲು ಕಂಡವನು
ಐಸ್ ಫ್ಯಾಕ್ಟರಿಯ ಲೆಕ್ಕ ಬರೆಯುವ ಗುರುದತ್ತ ಮಾಜಾಳೀಕರ.
ನಕ್ಕಿದ್ದರೆ ಅದೇ ಬ್ರಶ್ಶಿನಲ್ಲಿ ಮೀಸೆ ಎಳೆಯುತ್ತಿದ್ದೆ.
ನಗಲಿಲ್ಲ.
ಚೀಟಿಯ ಬೆನ್ನಿಗೆ ಬರೆದುಕೊಟ್ಟ:
‘ಆರು ಟನ್ನಿಗೆ ಒಂದು ಒತ್ತು ಮುಳುಗುತ್ತದೆ,
ಹತ್ತು ಟನ್ನಿಗೆ ಎರಡೂ.’
ಪ್ರೇಮಪತ್ರ ಎಂದು ನನಗೆ ಬಂದದ್ದಿದ್ದರೆ ಅದೊಂದೇ.
ಆಗ ತಿಳಿಯಲಿಲ್ಲ.
ಅದರಲ್ಲೇ ಬ್ರಶ್ಶು ಒರೆಸಿದೆ.

ಆಯಿಗೆ ಇದೆಲ್ಲ ಸೇರದು.
‘ಬಂಗುಡೆಯ ಮೈಮೇಲೆ ಹೆಸರು ಬರೆದಿರುತ್ತದೇನೇ?
ಹತ್ತು ಗಂಟೆಗೆ ಬುಟ್ಟಿ ಖಾಲಿ.
ಬಿ.ಎಡ್. ಮಾಡು.’
ಅವಳ ತಕ್ಕಡಿಯ ಹಿಂದಿನ ಹಲಗೆಗೆ
‘ಉಧಾರ ಇಲ್ಲ’ ಎಂದು ಬರೆದುಕೊಟ್ಟವಳೂ ನಾನೇ.
ಎಷ್ಟು ಅಂದ ಬಂದಿತ್ತೆಂದರೆ
ಗಿರಾಕಿಗಳು ನಿಂತು ಓದಿ, ಮೆಚ್ಚಿ,
ಆಮೇಲೆ ಉಧಾರ ಕೇಳುತ್ತಿದ್ದರು.

ಮೂರು ಮಳೆಗಾಲ, ನಲವತ್ತೊಂದು ಬೋಟು,
ಸದಾಶಿವಗಡದಲ್ಲಿ ಒಂದು ಸಲೂನು.
ತಿರುವು ಅಳೆದ ಮೇಲೆಯೇ ಬಣ್ಣದ ಡಬ್ಬಿ ತೆರೆಯುವುದನ್ನು ಕಲಿತೆ.
ಡಬ್ಬಿ ಹಿಡಿದು ನಿಲ್ಲುವುದನ್ನು ಅವನು ಕಲಿತ.
ಅವನ ಅಂಗಿಗಳಿಗೆಲ್ಲ ನನ್ನ ನೀಲಿ ತಾಗಿ
ಅವರ ಮನೆಯಲ್ಲಿ ಯಾರೂ ಏನೂ ಕೇಳದೆಯೇ
ಎಲ್ಲ ತಿಳಿದುಕೊಂಡರು.
ನನಗೆ ಮಾತ್ರ ಯಾರೂ ಹೇಳಲಿಲ್ಲ.

ಆ ಮೇನಲ್ಲಿ ಒಂದು ಹಳೆಯ ಪಾತಿದೋಣಿ ಕೊಂಡ.
‘ಹೆಸರು ಬರೆಯಬೇಕು.’
‘ಏನು?’
ಸಮುದ್ರ ನೋಡಿದ. ‘ಸುಲಕ್ಷಾ.’
‘ಅಕ್ಷರ ಮೂರು, ನೂರಿಪ್ಪತ್ತು. ಕ್ಷಕ್ಕೆ ಒತ್ತು, ಇಪ್ಪತ್ತು.
ನೂರಾ ನಲವತ್ತು.’
‘ಕ್ಷ ಇಡೀ ಒಂದೇ ಅಕ್ಷರ ಅಲ್ಲವೇನೇ?
ಶಾಲೆಯಲ್ಲಿ ಕೊನೆಗೆ ಹೇಳಿಕೊಡುತ್ತಾರಲ್ಲ?’
ಹೆಸರು ನನ್ನದು, ಒತ್ತು ನನ್ನದು,
ಕೆನ್ನೆಗೆ ರಕ್ತ ಏರಿದ್ದೂ ನನಗೇ,
ಆದರೂ ಹತ್ತು ರೂಪಾಯಿ ಬಿಡಲಿಲ್ಲ.
ಎಣಿಸಿ ಕೊಟ್ಟ. ರಶೀದಿ ಹರಿದುಕೊಟ್ಟೆ.

ಅದೇ ಸಂಜೆ ಹುಬ್ಬಳ್ಳಿಯಿಂದ ಫೋನು.
ಕಂಪ್ಯೂಟರಿಗೆ ಅಕ್ಷರ ಕಡೆಯುವ ಪುಟ್ಟ ಆಫೀಸು,
ಸೋಮವಾರ ಬಾ ಎಂದರು.
ಆಯಿ ಸಂಬಳ ಕೇಳಿದಳು. ಸುಮ್ಮನಾದಳು.
ಒಣ ಸಿಗಡಿ ಕಟ್ಟಿಕೊಟ್ಟಳು.

ಬಸ್ಸಿಗೆ ಒಂದೂವರೆ ಗಂಟೆ ಇತ್ತು.
ದೋಣಿಯ ಮೂತಿಗೆ ‘ಸು’ ಬರೆದೆ, ಕೊಂಬು ಸಮೇತ.
ಮಿಕ್ಕದ್ದು ನೂರು ರೂಪಾಯಿಯ ಕೆಲಸ, ಬಾಕಿ.
ಅರಬೈಲು ಘಟ್ಟ ಹತ್ತುವಾಗ ಅಳು ಬಂತು.
ಪಕ್ಕದವಳು ವಾಂತಿ ಎಂದುಕೊಂಡು
ಕಿಟಕಿ ತೆರೆದು, ನಿಂಬೆಹಣ್ಣು ಹಿಡಿಸಿದಳು.

ಈಗ ಧಕ್ಕೆಯ ಮೇಲಿನ ಹುಡುಗರು
ಅವನು ದೋಣಿ ಇಳಿಸಿದಾಗಲೆಲ್ಲ ಕೂಗುತ್ತಾರಂತೆ:
‘ಸೂ… ಸೂ… ಗುರುದತ್ತನಿಗೆ ಅವಸರ!’
ಕೈ ಬೀಸಿ ಹುಟ್ಟು ಹಾಕುತ್ತಾನಂತೆ.
ಬೇರೆಯವರಿಂದ ಬರೆಸಬಹುದಿತ್ತು.

ನಿನ್ನೆ ಅವನ ಫೋಟೊ ಬಂತು:
ಉಪ್ಪಿಗೆ ಕೊಂಬು ಉದುರಿ, ‘ಸ’ ಅಷ್ಟೇ ಉಳಿದಿದೆ.
‘ರಿಪೇರಿಗೆ ಎಷ್ಟು?’
ಹೋಗಿಬರುವ ಬಸ್ ಚಾರ್ಜು ಸೇರಿಸಿ ಬರೆದು ಕಳಿಸಿದೆ.

ಹಲಗೆಯಷ್ಟು ದೊಡ್ಡ ಪರದೆಯ ಮೇಲೆ
ಬೆಳಗಿನಿಂದ ಒಂದೇ ಕ್ಷ.
ಹೊಟ್ಟೆ ಸರಿಯಾದರೆ ಒತ್ತು ಸೊರಗುತ್ತದೆ,
ಒತ್ತು ಕೂತರೆ ತಲೆಕಟ್ಟು ವಾಲುತ್ತದೆ.
ಹದಿನೇಳನೆಯದಕ್ಕೆ ಮೇಲಿನವರು ಬಂದು ನೋಡಿ
‘ಇದು ನಿಂತಿತು. ಕೆಳಗೆ ಇಷ್ಟೊಂದು ಜಾಗ ಯಾಕೆ ಬಿಟ್ಟೆ?’ ಅಂದರು.

ಭಾರ ಬಿದ್ದಾಗ ಬೇಕಾಗುತ್ತದೆ ಸಾರ್, ಅಂದೆ.